ಲಾಂಗ್‌ಬ್ರಿಜ್ ಕೂಲೆಂಟ್ ಪ್ರಕರಣ: ಎಣ್ಣೆ ಮಂಜಿಗೆ ಮಿತಿ ಗೊತ್ತುಮಾಡುವುದು ಹೇಗೆ

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಪಕ್ಕದ ಲಾಂಗ್‌ಬ್ರಿಜ್‌ನಲ್ಲಿ ಪವರ್‌ಟ್ರೇನ್ ಲಿಮಿಟೆಡ್ ಎಂಬ ಕಾರ್ಖಾನೆ ಎಂಜಿ ರೋವರ್ ಕಾರುಗಳಿಗೆ ಎಂಜಿನ್ ತಯಾರಿಸುತ್ತಿತ್ತು. ಲೋಹ ಕತ್ತರಿಸುವಾಗ ಬಿಸಿಯೇರದಂತೆ ಸುರಿಯುವ ದ್ರವವೇ ಕೂಲೆಂಟ್; ಅದು ಸಣ್ಣ ಹನಿಗಳಾಗಿ ಗಾಳಿಗೆ ಏಳುವುದೇ ಎಣ್ಣೆ ಮಂಜು. ಆ ಮಂಜು ಗಾಳಿಯಲ್ಲಿ ಎಷ್ಟರವರೆಗೆ ಇರಬಹುದು ಎಂಬುದೇ ಇಲ್ಲಿನ ಪ್ರಶ್ನೆ. 2003ರ ಡಿಸೆಂಬರ್‌ನಿಂದ 2004ರ ಮೇ ತಿಂಗಳೊಳಗೆ ಅಲ್ಲಿನ 12 ಕೆಲಸಗಾರರಲ್ಲಿ ಎಕ್ಸ್‌ಟ್ರಿನ್ಸಿಕ್ ಅಲರ್ಜಿಕ್ ಅಲ್ವಿಯೊಲೈಟಿಸ್ ಪತ್ತೆಯಾಯಿತು. ಉಸಿರಿನ ಜೊತೆ ಒಳಹೋದ ಜೈವಿಕ ಕಣಗಳಿಗೆ ಶ್ವಾಸಕೋಶದ ಗಾಳಿಚೀಲಗಳು ಅಲರ್ಜಿಯಿಂದ ಊದಿಕೊಳ್ಳುವ ಕಾಯಿಲೆ ಇದು. ಹಳೆಯ ಹುಲ್ಲು, ಧಾನ್ಯದ ಬೂಷ್ಟನ್ನು ಉಸಿರಾಡಿದ ರೈತರಲ್ಲಿ ಕಾಣುವ ಕಾಯಿಲೆ ಎಂಜಿನ್ ಕಾರ್ಖಾನೆಯಲ್ಲಿ ಒಟ್ಟಿಗೆ 12 ಮಂದಿಗೆ ಬಂದಾಗ ವೃತ್ತಿರೋಗ ತಜ್ಞರು ಇಡೀ ಕಾರ್ಖಾನೆಯನ್ನೇ ತಪಾಸಣೆಗೆ ಒಳಪಡಿಸಿದರು.

ಸಿಕ್ಕ ಲೆಕ್ಕ ಹೀಗಿದೆ. ಒಟ್ಟು 87 ಕೆಲಸಗಾರರಿಗೆ, ಅಂದರೆ ಕಾರ್ಖಾನೆಯ ಶೇ. 10.4ರಷ್ಟು ಮಂದಿಗೆ, ಕೆಲಸದಿಂದಲೇ ಬಂದ ಶ್ವಾಸಕೋಶದ ಕಾಯಿಲೆ ಇತ್ತು. ಅಲ್ವಿಯೊಲೈಟಿಸ್ 19 ಮಂದಿಗೆ, ವೃತ್ತಿಜನ್ಯ ಅಸ್ತಮಾ 74 ಮಂದಿಗೆ, ಹ್ಯುಮಿಡಿಫೈಯರ್ ಜ್ವರ (ಕಲುಷಿತ ನೀರಿನ ತುಂತುರು ಉಸಿರಾಡಿ ಬರುವ ಜ್ವರ) 7 ಮಂದಿಗೆ. 12 ಮಂದಿಗೆ ಒಂದಕ್ಕಿಂತ ಹೆಚ್ಚು ಕಾಯಿಲೆಗಳಿದ್ದವು. ಯುರೋಪಿನಲ್ಲಿ ಅಲ್ಲಿಯವರೆಗೆ ವರದಿಯಾದ ಇಂಥ ಪ್ರಕರಣಗಳಲ್ಲಿ ಇದೇ ದೊಡ್ಡದು. ಕೆಲಸದ ಜಾಗದಲ್ಲಿ ಏದುಸಿರು ಶುರುವಾದ ಕಾಲ ಕೇಳಿ ನೋಡಿದರೆ, ಅತಿ ಹೆಚ್ಚು ಮಂದಿ ಹೇಳಿದ್ದು 2003ರ ವಸಂತಕಾಲ. ಮೊದಲ ರೋಗನಿರ್ಣಯಕ್ಕೂ ತಿಂಗಳುಗಟ್ಟಲೆ ಮುಂಚೆಯೇ ಕಾಯಿಲೆ ಶಾಪ್ ಫ್ಲೋರಿನಲ್ಲಿತ್ತು.

ತನಿಖೆಯ ಎರಡು ಫಲಿತಾಂಶಗಳು ಮಿತಿಯ ಪ್ರಶ್ನೆಗೆ ನೇರ ಸಂಬಂಧಪಟ್ಟವು. ಒಂದು, ಕೂಲೆಂಟ್ ತುಂಬಿಡುವ ದೊಡ್ಡ ತೊಟ್ಟಿಯಾದ ಸಂಪ್‌ನಿಂದ ಬರುವ ಕೂಲೆಂಟ್ ಬಳಸುತ್ತಿದ್ದವರಲ್ಲಿ ಶೇ. 27.3 ಮಂದಿ ಕಾಯಿಲೆ ಬಿದ್ದಿದ್ದರೆ, ಉತ್ಪಾದನಾ ವಿಭಾಗದ ಎಲ್ಲೆಡೆ ಓಡಾಡಿ ಕೆಲಸ ಮಾಡುತ್ತಿದ್ದವರಲ್ಲಿ ಶೇ. 7.9 ಮಂದಿ. ಇನ್ನೊಂದು, ಆಸ್ಪತ್ರೆಯಲ್ಲಿ ಎಚ್ಚರಿಕೆಯಿಂದ ಉಸಿರಾಡಿಸಿ ನೋಡುವ ಪರೀಕ್ಷೆಯಲ್ಲಿ ಇಬ್ಬರು ಕೆಲಸಗಾರರು ಬಳಸಿದ ಕೂಲೆಂಟ್‌ಗೆ ಪ್ರತಿಕ್ರಿಯೆ ತೋರಿದರು. ಅದೇ ಕೂಲೆಂಟ್‌ನ ಬಳಸದ ದ್ರಾವಣಕ್ಕೆ ತೋರಲಿಲ್ಲ. ಡ್ರಮ್ಮಿನ ಮೇಲೆ ಅಂಟಿಸಿರುವ ಸುರಕ್ಷತಾ ಹಾಳೆ ಓದಿ ಈ ಕಾಯಿಲೆಯನ್ನು ಊಹಿಸುವುದು ಸಾಧ್ಯವೇ ಇರಲಿಲ್ಲ. ಕಾಯಿಲೆ ತರುವ ವಸ್ತು ತಯಾರಾದದ್ದು ಸಂಪ್‌ನಲ್ಲಿ, ಬಳಕೆಯ ಕಾಲದಲ್ಲಿ.

5 ಎಂಬ ಸಂಖ್ಯೆ ಎಲ್ಲಿಂದ ಬಂತು

ಎಣ್ಣೆ ಮಂಜಿಗೆ ಜಗತ್ತಿನಲ್ಲಿ ಹೆಚ್ಚು ಓಡಾಡುವ ಸಂಖ್ಯೆ ಘನ ಮೀಟರ್ ಗಾಳಿಗೆ 5 ಮಿಲಿಗ್ರಾಂ, 8 ಗಂಟೆಯ ಸರಾಸರಿ. ಅಮೆರಿಕದ ಕೈಗಾರಿಕಾ ಆರೋಗ್ಯ ತಜ್ಞರ ಸಂಘವಾದ ಎಸಿಜಿಐಎಚ್‌ನ 1968ರ ಪಟ್ಟಿಯನ್ನು ಅಲ್ಲಿನ ಸರ್ಕಾರಿ ಸಂಸ್ಥೆ ಒಶಾ 1971ರಲ್ಲಿ ಎತ್ತಿಕೊಂಡು ಕಾನೂನು ಮಾಡಿತು. ಖನಿಜ ಎಣ್ಣೆ ಮಂಜಿಗೆ 5 ಎಂಬುದು ಅಲ್ಲಿ ಇಂದಿಗೂ ಹಾಗೇ ಇದೆ. ಭಾರತದ ಕಾರ್ಖಾನೆ ಕಾಯ್ದೆಗೆ 1987ರ ತಿದ್ದುಪಡಿಯಲ್ಲಿ ಸೇರಿದ ರಾಸಾಯನಿಕ ಮಿತಿಗಳ ಅನುಸೂಚಿಯಲ್ಲೂ ಅದೇ 5, ಜೊತೆಗೆ 15 ನಿಮಿಷದ ಅಲ್ಪಾವಧಿಗೆ 10.

ಈ ಸಂಖ್ಯೆ ಬರೆದದ್ದು ಖನಿಜ ಎಣ್ಣೆಗೆ. ಚೆನ್ನಾಗಿ ಶುದ್ಧೀಕರಿಸಿದ, ನೀರು ಸೇರದ, ಬ್ಯಾಕ್ಟೀರಿಯಾ ಬೆಳೆಯದ ಎಣ್ಣೆ. ಸರಿಯಾಗಿ ಶುದ್ಧೀಕರಿಸದ ಎಣ್ಣೆಯ ಕಥೆಯೇ ಬೇರೆ: ಅದು ಚರ್ಮದ ಕ್ಯಾನ್ಸರ್ ತರುತ್ತದೆಂದು ಲ್ಯಾಂಕಶೈರಿನ ಹತ್ತಿ ಗಿರಣಿಗಳ ನೂಲುಗಾರರಿಂದಲೇ ಗೊತ್ತಾಗಿತ್ತು. ಬರ್ಮಿಂಗ್‌ಹ್ಯಾಮ್ ಸುತ್ತಲಿನ ಆಟೊಮ್ಯಾಟಿಕ್ ಲೇತ್ ಸೆಟ್ಟರ್‌ಗಳಲ್ಲೂ ವೃಷಣಚೀಲದ ಕ್ಯಾನ್ಸರ್ ಕಂಡುಬಂದಿತ್ತು. ಆದ್ದರಿಂದಲೇ ಎಸಿಜಿಐಎಚ್ 2010ರಲ್ಲಿ ತನ್ನ ಮಿತಿಯನ್ನು ತಿದ್ದಿತು. 5 ಎಂಬುದು ಇನ್ನು ಅತಿ ಶುದ್ಧ ಎಣ್ಣೆಗೆ ಮಾತ್ರ; ಅರೆಬರೆ ಶುದ್ಧೀಕರಿಸಿದ ಎಣ್ಣೆಯ ಮಂಜು ಸಾಧ್ಯವಾದಷ್ಟು ಕಡಿಮೆ ಇರಬೇಕು; ಲೋಹ ಕತ್ತರಿಸುವ ಕೂಲೆಂಟ್‌ಗಳಿಗೆ ಈ ಮಿತಿ ಅನ್ವಯಿಸುವುದೇ ಇಲ್ಲ. ಈ ಕೊನೆಯ ಮಾತನ್ನು ಓದದೆ 5ನ್ನು ಹಿಡಿದು ಕೂರುವ ಕಾರ್ಖಾನೆಗಳು ಈಗಲೂ ಬೇಕಾದಷ್ಟಿವೆ. ಪರಿಸರ ಮಾಪನದ ವರದಿಯಲ್ಲಿ ‘1.2, ಮಿತಿಯೊಳಗಿದೆ’ ಎಂದು ಬರೆದು ಫೈಲ್ ಮುಚ್ಚುತ್ತಾರೆ. ಕಂಪ್ಯೂಟರ್ ನಿಯಂತ್ರಿತ ಮೆಷಿನ್‌ಗಳ ಸಿಎನ್‌ಸಿ ಶಾಪ್‌ನಲ್ಲಿ 1.2 ಎಂದರೆ ಕೆಟ್ಟ ಗಾಳಿ.

ಕೂಲೆಂಟ್‌ಗೆಂದೇ ಮಿತಿ ಸೂಚಿಸಿದ್ದು ಅಮೆರಿಕದ ಸಂಶೋಧನಾ ಸಂಸ್ಥೆ ನಿಯೋಶ್, 1998ರಲ್ಲಿ. ಗಂಟಲು ದಾಟಿ ಶ್ವಾಸನಾಳಕ್ಕೆ ಇಳಿಯುವ ಕಣಗಳನ್ನಷ್ಟೇ ಲೆಕ್ಕ ಹಿಡಿದರೆ 0.4 ಮಿ.ಗ್ರಾಂ, ಒಟ್ಟು ಕಣಗಳ ಲೆಕ್ಕದಲ್ಲಿ 0.5 ಮಿ.ಗ್ರಾಂ. ದಿನಕ್ಕೆ 10 ಗಂಟೆ, ವಾರಕ್ಕೆ 40 ಗಂಟೆ ದುಡಿಯುವವರಿಗೆ ಇದು. ಹಳೆಯ ಸಂಖ್ಯೆಯ ಹತ್ತರಲ್ಲೊಂದು ಪಾಲು. ಇದು ಕಾನೂನಾಗಲಿಲ್ಲ. ವಾಹನ ಕಾರ್ಮಿಕರ ಸಂಘ ಯುಎಡಬ್ಲ್ಯು 1993ರಲ್ಲೇ ಒಶಾಗೆ ಅರ್ಜಿ ಹಾಕಿತ್ತು, ಒಶಾ ನೇಮಿಸಿದ ಸಲಹಾ ಸಮಿತಿ 1999ರಲ್ಲಿ ಹೊಸ ಮಿತಿಯ ಪರ ವರದಿ ಕೊಟ್ಟಿತು, ಆದರೂ ಒಶಾ ಮುಂದುವರಿಯಲಿಲ್ಲ. 2004ರಲ್ಲಿ ಮೇಲ್ಮನವಿ ನ್ಯಾಯಾಲಯ ಒಶಾ ತೀರ್ಮಾನವನ್ನೇ ಎತ್ತಿಹಿಡಿಯಿತು. ಲಾಂಗ್‌ಬ್ರಿಜ್‌ನಲ್ಲಿ ತಪಾಸಣೆ ನಡೆಯುತ್ತಿದ್ದುದೂ ಅದೇ ವರ್ಷ.

ಬ್ರಿಟನ್ನಿನ ಕಾರ್ಮಿಕ ಸುರಕ್ಷತಾ ಸಂಸ್ಥೆ ಎಚ್‌ಎಸ್‌ಇ ತನ್ನ ಕಡೆಯಿಂದ ಎರಡು ಮಾರ್ಗಸೂಚಿ ಮಟ್ಟಗಳನ್ನು ಕೊಟ್ಟಿತ್ತು: ನೀರು ಬೆರೆಸದ ನೀಟ್ ಆಯಿಲ್‌ಗೆ 3 ಮಿ.ಗ್ರಾಂ, ನೀರು ಬೆರೆಸುವ ಕೂಲೆಂಟ್‌ಗೆ 1. ಆಮೇಲೆ ಎರಡನ್ನೂ ಹಿಂತೆಗೆದುಕೊಂಡಿತು. ಅಷ್ಟರೊಳಗೆ ಇದ್ದರೆ ಕೆಲಸಗಾರ ಕ್ಷೇಮ ಎಂದು ಹೇಳುವ ಧೈರ್ಯ ಉಳಿದಿರಲಿಲ್ಲ. ನಿಯೋಶ್ ಕೂಡ ತನ್ನ 0.4ರ ಜೊತೆಗೇ ಬರೆದಿದೆ: ಅದಕ್ಕಿಂತ ಕಡಿಮೆ ಮಂಜಿನಲ್ಲೂ ಕೆಲವರಿಗೆ ಅಸ್ತಮಾ, ಅಲ್ವಿಯೊಲೈಟಿಸ್ ಬಂದಿದೆ.

ಅದೇ ತೂಕ, ಬೇರೆ ಮಂಜು

ಹೀಗೇಕೆ ಎಂಬುದಕ್ಕೆ ಒಂದು ಲೆಕ್ಕ ಸಾಕು. ಕೂಲೆಂಟ್ ಶೇ. 5ರ ಸಾಂದ್ರತೆಯಲ್ಲಿದೆ ಎಂದುಕೊಳ್ಳಿ: 100 ಲೀಟರ್ ದ್ರಾವಣದಲ್ಲಿ 5 ಲೀಟರ್ ಕಾನ್ಸಂಟ್ರೇಟ್, ಉಳಿದದ್ದು ನೀರು. ಹನಿ ಗಾಳಿಗೆ ಸಿಡಿದ ಕೂಡಲೇ ನೀರು ಆರಿಹೋಗುತ್ತದೆ. ಫಿಲ್ಟರ್ ಮೇಲೆ ತೂಗುವುದು ಉಳಿದ ಎಣ್ಣೆ, ಸಾಬೂನು, ಅಮೀನ್‌ಗಳನ್ನು. ಹಾಗಾಗಿ ಫಿಲ್ಟರ್‌ನಲ್ಲಿ 0.4 ಮಿ.ಗ್ರಾಂ ಸಿಕ್ಕಿತೆಂದರೆ ಮೂಲದಲ್ಲಿ ಅದು ಸುಮಾರು 8 ಮಿ.ಗ್ರಾಂ ಕೂಲೆಂಟ್, ಹತ್ತಿರ ಹತ್ತಿರ 0.008 ಮಿಲಿಲೀಟರ್.

ಸಂಪ್ ಚೊಕ್ಕಟವಾಗಿದ್ದು ಮಿಲಿಲೀಟರ್‌ಗೆ 1,000 ಬ್ಯಾಕ್ಟೀರಿಯಾ ಇದ್ದರೆ, ಹನಿಗಳಲ್ಲೂ ಅಷ್ಟೇ ಪ್ರಮಾಣ ಇರುತ್ತದೆಂದು ಹಿಡಿದರೆ, ಘನ ಮೀಟರ್ ಗಾಳಿಯಲ್ಲಿ 8. ಸಂಪ್ ಕೆಟ್ಟು ಮಿಲಿಲೀಟರ್‌ಗೆ 1 ಕೋಟಿ ಇದ್ದರೆ ಅದೇ ಗಾಳಿಯಲ್ಲಿ 80,000. ಒಂದು ಶಿಫ್ಟ್‌ನಲ್ಲಿ ಕೆಲಸಗಾರ ಸುಮಾರು 10 ಘನ ಮೀಟರ್ ಗಾಳಿ ಉಸಿರಾಡುತ್ತಾನೆ, ಅಂದರೆ 8 ಲಕ್ಷ. ಎರಡು ದಿನವೂ ತಕ್ಕಡಿ ತೋರಿಸುವುದು 0.4. ಸತ್ತ ಬ್ಯಾಕ್ಟೀರಿಯಾ, ಅವುಗಳ ಕೋಶಗೋಡೆಯಿಂದ ಬಿಡುಗಡೆಯಾಗುವ ಎಂಡೊಟಾಕ್ಸಿನ್ ಎಂಬ ವಿಷ ಈ ಲೆಕ್ಕಕ್ಕೆ ಸೇರಿಯೇ ಇಲ್ಲ, ಆದರೆ ಶ್ವಾಸಕೋಶಕ್ಕೆ ಅವೂ ತಾಗುತ್ತವೆ. ಬರೀ ತೂಕದ ಮಿತಿ ಎಷ್ಟೇ ಬಿಗಿಯಾಗಿದ್ದರೂ ನೀರು ಬೆರೆಸಿದ ಕೂಲೆಂಟ್ ವಿಷಯದಲ್ಲಿ ಅರ್ಧ ಮಿತಿ ಮಾತ್ರ.

ದೊಡ್ಡ ಸಂಪ್ ಹೆಚ್ಚು ಅಪಾಯಕಾರಿ ಆಗುವುದು ಹೀಗೆ: ಹತ್ತಾರು ಮೆಷಿನ್‌ಗಳಿಗೆ ಒಂದೇ ಟ್ಯಾಂಕ್, ಉದ್ದುದ್ದ ಪೈಪು, ಹರಿವಿಲ್ಲದ ಮೂಲೆಗಳು. ಒಂದು ಮೆಷಿನ್‌ನಿಂದ ಸೋರುವ ಹೈಡ್ರಾಲಿಕ್ ಆಯಿಲ್, ಸ್ಲೈಡ್‌ವೇ ಆಯಿಲ್ ಎಲ್ಲರ ಕೂಲೆಂಟ್ ಮೇಲೂ ಪದರ ಕಟ್ಟುತ್ತದೆ. ಆ ಪದರದಡಿ ಗಾಳಿಯಾಡದೆ, ಕೊಳೆತ ಮೊಟ್ಟೆಯ ವಾಸನೆ ಬಿಡುವ ಬ್ಯಾಕ್ಟೀರಿಯಾ ಬೆಳೆಯುತ್ತವೆ. ಸೋಮವಾರ ಬೆಳಗ್ಗೆ ಮೊದಲ ಶಿಫ್ಟ್‌ನವರು ಮೂಗು ಮುಚ್ಚಿಕೊಂಡರೆ ಭಾನುವಾರ ಪಂಪ್ ನಿಂತಿತ್ತೆಂದು ಅರ್ಥ. ಆದರೆ ವಾಸನೆ ಇಲ್ಲದ ಸಂಪ್ ಒಳ್ಳೆಯದೇ ಎಂದೇನಿಲ್ಲ. ಅಮೆರಿಕದ ಹಲವು ಪ್ರಕರಣಗಳಲ್ಲಿ ಸಂಶಯ ಬಿದ್ದ ಮೈಕೊಬ್ಯಾಕ್ಟೀರಿಯಂಗಳು ವಾಸನೆ ಕೊಡುವುದಿಲ್ಲ, ದ್ರವದಲ್ಲಿ ಅದ್ದಿ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪಟ್ಟಿಯಾದ ಸಾಮಾನ್ಯ ಡಿಪ್ ಸ್ಲೈಡ್‌ನಲ್ಲಿ ಎರಡು ದಿನದಲ್ಲಿ ಕಾಣಿಸುವುದೂ ಇಲ್ಲ.

ಅಳೆಯುವಾಗ ತಪ್ಪುವುದು

0.5 ಮಿ.ಗ್ರಾಂ ಮಿತಿ ಇಟ್ಟುಕೊಂಡರೆ, 5ಕ್ಕೆ ಸಾಕಾಗುತ್ತಿದ್ದ ಅಳತೆಯ ಪದ್ಧತಿ ಸಾಕಾಗುವುದಿಲ್ಲ. ನಿಯೋಶ್‌ನ 5524 ವಿಧಾನದಲ್ಲಿ 37 ಮಿ.ಮೀ. ಪಿಟಿಎಫ್‌ಇ ಫಿಲ್ಟರ್ ಇರುವ ಕ್ಯಾಸೆಟ್ಟನ್ನು ಆಪರೇಟರ್ ಕಾಲರ್‌ಗೆ ಸಿಕ್ಕಿಸಿ, ಸೊಂಟದ ಪಂಪ್‌ನಿಂದ ನಿಮಿಷಕ್ಕೆ 2 ಲೀಟರ್ ಗಾಳಿ ಎಳೆಯುತ್ತಾರೆ. ಶ್ವಾಸನಾಳಕ್ಕಿಳಿಯುವ ಭಾಗವನ್ನಷ್ಟೇ ಹಿಡಿಯಬೇಕಾದರೆ ಥೊರ‍್ಯಾಸಿಕ್ ಸೈಕ್ಲೋನ್ (ದೊಡ್ಡ ಕಣಗಳನ್ನು ಬೇರ್ಪಡಿಸುವ ಸಾಧನ) ಸೇರಿಸಿ 1.6 ಲೀಟರ್.

8 ಗಂಟೆಗೆ 2 ಲೀಟರ್‌ನಂತೆ 960 ಲೀಟರ್, ಅಂದರೆ 0.96 ಘನ ಮೀಟರ್. ಗಾಳಿಯಲ್ಲಿ 0.5 ಇದ್ದರೆ ಫಿಲ್ಟರ್‌ಗೆ ಅಂಟುವುದು 0.48 ಮಿ.ಗ್ರಾಂ. ಈ ವಿಧಾನ ನಂಬಿಕೆಯಿಂದ ಹಿಡಿಯಬಲ್ಲ ಕನಿಷ್ಠ ತೂಕ ಸುಮಾರು 0.03 ಮಿ.ಗ್ರಾಂ, ಹಾಗಾಗಿ ಪೂರ್ಣ ಶಿಫ್ಟ್ ಅಳತೆಗೆ ತೊಂದರೆಯಿಲ್ಲ. ಅದೇ ಪಂಪನ್ನು ಅರ್ಧ ಗಂಟೆ ಮಾತ್ರ ಓಡಿಸಿದರೆ 0.06 ಘನ ಮೀಟರ್, 0.5 ಮಿ.ಗ್ರಾಂ ಗಾಳಿಯಲ್ಲೂ ಫಿಲ್ಟರ್‌ಗೆ ಬರುವುದು 0.03. ಅಂದರೆ ಮಿತಿಯಷ್ಟೇ ಮಂಜಿರುವ ಗಾಳಿಯೂ ವರದಿಯಲ್ಲಿ ‘ಪತ್ತೆಯಾಗಿಲ್ಲ’ ಎಂದು ಬರಬಹುದು. ಆಡಿಟ್‌ಗಾಗಿ ಊಟಕ್ಕೆ ಮುಂಚೆ ಅರ್ಧ ಗಂಟೆ ತೆಗೆದ ಸ್ಯಾಂಪಲ್‌ಗಳಲ್ಲಿ ಹೀಗಾಗುತ್ತದೆ. ವರದಿ ಕೈಗೆ ಬಂದಾಗ ಮೊದಲು ನೋಡಬೇಕಾದದ್ದು ಎಷ್ಟು ಲೀಟರ್ ಗಾಳಿ ಎಳೆದರು ಎಂಬುದನ್ನು, ಆಮೇಲೆ ಫಲಿತಾಂಶವನ್ನು.

ತೂಗುವ ಕೋಣೆಯ ತೇವ, ಫಿಲ್ಟರ್‌ನ ಸ್ಥಿರ ವಿದ್ಯುತ್ ಎರಡೂ 0.03ರಷ್ಟು ವ್ಯತ್ಯಾಸವನ್ನು ಸುಲಭವಾಗಿ ತರುತ್ತವೆ. ಪ್ರತಿ ಸೆಟ್‌ಗೆ ಕನಿಷ್ಠ 2 ಫೀಲ್ಡ್ ಬ್ಲ್ಯಾಂಕ್ (ಗಾಳಿ ಎಳೆಯದೆ ಜೊತೆಗೆ ಒಯ್ದು ತಂದು ತೂಗುವ ಖಾಲಿ ಫಿಲ್ಟರ್) ಇಲ್ಲದಿದ್ದರೆ ಆ ಸಂಖ್ಯೆಗಳನ್ನು ಒಪ್ಪಬೇಡಿ. ಪಕ್ಕದಲ್ಲಿ ವೆಲ್ಡಿಂಗ್ ಇದ್ದರೆ, ಎರಕದ ಕಬ್ಬಿಣದ ಒಣ ಪುಡಿ ಹಾರುತ್ತಿದ್ದರೆ ಆ ತೂಕವೂ ಫಿಲ್ಟರ್‌ಗೆ ಸೇರುತ್ತದೆ. ಆಗ ದ್ರಾವಕಗಳಿಂದ ಕೂಲೆಂಟ್ ಭಾಗವನ್ನು ಕರಗಿಸಿ ತೆಗೆದು, ಮುಂಚಿನ ಮತ್ತು ನಂತರದ ತೂಕದ ವ್ಯತ್ಯಾಸ ನೋಡಬೇಕು. ಬ್ರಿಟನ್ನಿನ ವಿಧಾನದ ಜಾಡು ಬೇರೆ: ಸಂಪ್‌ನ ಕೂಲೆಂಟ್‌ನಲ್ಲಿ ಬೋರಾನ್ ಅಥವಾ ಪೊಟ್ಯಾಸಿಯಂ ಎಷ್ಟಿದೆ, ಫಿಲ್ಟರ್‌ನಲ್ಲಿ ಎಷ್ಟಿದೆ ಎಂದು ಅಳೆದು ಮಂಜಿನ ಪ್ರಮಾಣ ಲೆಕ್ಕ ಹಾಕುತ್ತಾರೆ. ಅದಕ್ಕೆ ಅದೇ ದಿನದ ಸಂಪ್ ಸ್ಯಾಂಪಲ್ ಬೇಕೇ ಬೇಕು.

ನೀಟ್ ಆಯಿಲ್‌ನಲ್ಲಿ ಇನ್ನೊಂದು ಮೋಸವಿದೆ. ತೆಳು ಹೋನಿಂಗ್ ಆಯಿಲ್, ಗ್ರೈಂಡಿಂಗ್ ಆಯಿಲ್‌ನ ಹನಿಗಳು ಫಿಲ್ಟರ್ ಮೇಲೆ ಕೂತ ಮೇಲೂ ಪಂಪ್ ಎಳೆಯುವ ಗಾಳಿಗೆ ಆವಿಯಾಗುತ್ತಾ ಹೋಗುತ್ತವೆ. ಶಿಫ್ಟ್ ಮುಗಿದಾಗ ತೂಕ ಕಡಿಮೆ ಬರುತ್ತದೆ, ಕೆಲಸಗಾರ ಉಸಿರಾಡಿದ್ದು ಮಾತ್ರ ಹೆಚ್ಚು. ಜರ್ಮನಿಯಲ್ಲಿ ಹನಿ ಮತ್ತು ಆವಿ ಎರಡನ್ನೂ ಒಟ್ಟಿಗೆ ಹಿಡಿದು 10 ಮಿ.ಗ್ರಾಂ ಎಂದು ಇಟ್ಟಿರುವುದು ಈ ಕಾರಣಕ್ಕೆ. ಆ 10ನ್ನು ಇಲ್ಲಿನ 5ರ ಪಕ್ಕ ಇಟ್ಟು ‘ಅಲ್ಲಿ ಸಡಿಲ’ ಎನ್ನುವುದು ಸರಿಯಲ್ಲ. ಅಳೆಯುವ ವಸ್ತುವೇ ಬೇರೆ.

ಕಾರ್ಖಾನೆಯೊಳಗಿನ ಮಿತಿ ಕಟ್ಟುವುದು

ಪೀಣ್ಯದಲ್ಲೋ ಹೊಸೂರು ರಸ್ತೆಯಲ್ಲೋ ಇರುವ ಮಷೀನ್ ಶಾಪ್ ಲಾಂಗ್‌ಬ್ರಿಜ್‌ನಿಂದ ಏನು ತೆಗೆದುಕೊಳ್ಳಬೇಕು ಎಂದು ಕೇಳಿದರೆ ನಮ್ಮ ಉತ್ತರ ಸ್ಪಷ್ಟ: ಕಾನೂನಿನ 5ನ್ನು ಮೀರಬಾರದ ಗೋಡೆ ಎಂದಷ್ಟೇ ನೋಡಿ, ಒಳಗೆ ನಿಮ್ಮದೇ ಮಿತಿ ಹಾಕಿಕೊಳ್ಳಿ. ಆ ಮಿತಿಗೆ ಗಾಳಿಯ ತೂಕ, ಸಂಪ್‌ನ ಸ್ಥಿತಿ, ಕೆಲಸಗಾರನ ಉಸಿರು ಎಂಬ ಮೂರು ಕಾಲುಗಳಿರಲಿ. ಮೂರರಲ್ಲಿ ಯಾವುದು ಕೆಟ್ಟರೂ ಮಿತಿ ಮೀರಿತೆಂದೇ ಲೆಕ್ಕ.

ಗಾಳಿಗೆ 0.5 ಇಟ್ಟು, 0.25 ದಾಟಿದರೆ ಕಾರಣ ಹುಡುಕಲು ಶುರುಮಾಡಿ. 12 ಗಂಟೆ ಶಿಫ್ಟ್ ಇದ್ದರೆ ಅದೇ 0.5 ಇಡುವಂತಿಲ್ಲ. ಉಸಿರಾಡುವ ಹೊತ್ತು ಹೆಚ್ಚು, ದೇಹ ಸುಧಾರಿಸಿಕೊಳ್ಳುವ ಹೊತ್ತು ಕಡಿಮೆ. ಇದಕ್ಕೆ ಬಳಸುವ ಬ್ರೀಫ್–ಸ್ಕಾಲಾ ಸೂತ್ರದಲ್ಲಿ 8ನ್ನು 12ರಿಂದ ಭಾಗಿಸಿ, ಬಿಡುವಿನ 12 ಗಂಟೆಯನ್ನು 16ರಿಂದ ಭಾಗಿಸಿ, ಎರಡನ್ನೂ ಗುಣಿಸಿದರೆ 0.5 ಬರುತ್ತದೆ. 8 ಗಂಟೆಯ ಮಿತಿ ಅರ್ಧಕ್ಕಿಳಿದು 0.25 ಆಗುತ್ತದೆ.

ಒಬ್ಬನಿಂದ ತೆಗೆದ ಒಂದು ಸ್ಯಾಂಪಲ್‌ನಿಂದ ತೀರ್ಮಾನ ಬೇಡ. ಒಂದೇ ಬಗೆಯ ಕೆಲಸದವರನ್ನು ಗುಂಪು ಮಾಡಿ: ಗ್ರೈಂಡಿಂಗ್‌ನವರು ಒಂದು, ಟರ್ನಿಂಗ್ ಸೆಂಟರ್‌ನವರು ಇನ್ನೊಂದು, ವಾಷಿಂಗ್ ಮೆಷಿನ್ ಹತ್ತಿರದವರು ಮತ್ತೊಂದು. ಯುರೋಪಿನ ಇಎನ್ 689 ಮಾನದಂಡದ ಪ್ರಕಾರ ಗುಂಪಿನ 3 ಅಳತೆಗಳೂ ಮಿತಿಯ ಹತ್ತರಲ್ಲೊಂದಕ್ಕಿಂತ ಕಡಿಮೆ ಇದ್ದರೆ ಸರಿ ಎನ್ನಬಹುದು. 4 ಅಳತೆಯಾದರೆ ಶೇ. 15, 5 ಆದರೆ ಶೇ. 20. ಅದೂ ಆಗದಿದ್ದರೆ ಕನಿಷ್ಠ 6 ಅಳತೆ ತೆಗೆದು ಅಂಕಿಅಂಶದ ಪರೀಕ್ಷೆ ಮಾಡಬೇಕು. 0.5 ಮಿತಿಯ ಹತ್ತರಲ್ಲೊಂದು 0.05, ಪೂರ್ಣ ಶಿಫ್ಟ್‌ನಲ್ಲಿ ಫಿಲ್ಟರ್‌ಗೆ 0.048 ಮಿ.ಗ್ರಾಂ, ತಕ್ಕಡಿ ಹಿಡಿಯಬಲ್ಲ ಗಡಿಯ ಸ್ವಲ್ಪವೇ ಮೇಲೆ. ಆದ್ದರಿಂದ ಬಹುಪಾಲು ಶಾಪ್‌ಗಳು 6 ಅಳತೆಗೇ ಹಣ ಎತ್ತಿಡುವುದು ಜಾಣತನ.

ಮಂಜು ತಗ್ಗಿಸುವ ಕೆಲಸದಲ್ಲಿ ಹೆಚ್ಚು ಫಲ ಕೊಡುವುದು ಅಗ್ಗದ ಸಂಗತಿಗಳೇ. ಕಟಿಂಗ್ ನಿಂತ ಕ್ಷಣ ಬಾಗಿಲು ತೆರೆದರೆ ಒಳಗಿನ ಮಂಜೆಲ್ಲ ಆಪರೇಟರ್ ಮುಖಕ್ಕೆ. ಪ್ರೋಗ್ರಾಂನಲ್ಲಿ ಬಾಗಿಲಿಗೆ ಕಾಯುವ ಹೊತ್ತು ಸೇರಿಸಿ. ಎಷ್ಟು ಸೆಕೆಂಡ್ ಎಂಬುದನ್ನು ಹೊಗೆ ಬಿಟ್ಟು ನೋಡಿ ಗೊತ್ತುಮಾಡಿ, ಸೈಕಲ್ ಟೈಮ್ ನೋಡಿ ಅಲ್ಲ. ಮಂಜು ಹೀರುವ ಮಿಸ್ಟ್ ಕಲೆಕ್ಟರ್ ಓಡುವಾಗ ಬಾಗಿಲ ಸಂದುಗಳಲ್ಲಿ ಗಾಳಿ ಒಳಮುಖವಾಗಿ ಸೆಕೆಂಡಿಗೆ ಸುಮಾರು 0.5 ಮೀಟರ್ ಹೋಗುತ್ತಿರಲಿ. ಏರ್ ಗನ್‌ನಿಂದ ಜಾಬ್ (ಕತ್ತರಿಸಿದ ಬಿಡಿಭಾಗ) ಮೇಲಿನ ಕೂಲೆಂಟ್ ಹಾರಿಸುವುದು ಮೆಷಿನ್ ಹೊರಗೆ ನಡೆಯುವ ಕೆಲಸ, ಆದ್ದರಿಂದ ಯಾವ ಕಲೆಕ್ಟರ್ ಕೂಡ ಅದನ್ನು ಹಿಡಿಯುವುದಿಲ್ಲ. ಸ್ಪಿಂಡಲ್ ಒಳಗಿನಿಂದಲೇ ಚಿಮ್ಮುವ 70 ಬಾರ್ ಒತ್ತಡದ ಥ್ರೂ ಸ್ಪಿಂಡಲ್ ಕೂಲೆಂಟ್ ಬಂದಮೇಲೆ ಹನಿಗಳು ಇನ್ನೂ ಸಣ್ಣವಾಗಿವೆ, 1 ಮೈಕ್ರಾನ್‌ಗಿಂತ ಚಿಕ್ಕವು ಟ್ಯೂಬ್‌ಲೈಟ್ ಬೆಳಕಿನಲ್ಲಿ ಕಾಣುವುದಿಲ್ಲ. ಕತ್ತಲು ಮಾಡಿ, ಮೆಷಿನ್ ಹಿಂದಿನಿಂದ ಪ್ರಖರ ದೀಪದ ಕಿರಣ ಬಿಟ್ಟು, ಬೆಳಕಿಗೆ ಎದುರಾಗಿ ನಿಂತು ನೋಡಿದರೆ ಯಾವ ಸಂದಿನಿಂದ ಮಂಜು ಹೊರಬರುತ್ತಿದೆ ಎಂದು ಆಪರೇಟರ್‌ಗೇ ತೋರಿಸಬಹುದು. ಮಾಪನ ವರದಿಯ ಹತ್ತು ಪುಟಗಳಿಗಿಂತ ಈ ಹತ್ತು ನಿಮಿಷ ಹೆಚ್ಚು ಕೆಲಸ ಮಾಡುತ್ತದೆ.

ಸಂಪ್ ವಿಷಯಕ್ಕೆ ಬಂದರೆ, ಬೆಳಕು ಬಾಗುವುದನ್ನು ನೋಡಿ ಸಾಂದ್ರತೆ ತಿಳಿಸುವ ರಿಫ್ರ್ಯಾಕ್ಟೊಮೀಟರ್ ಓದನ್ನು ಆ ಕೂಲೆಂಟ್‌ನ ಗುಣಕದಿಂದ ಗುಣಿಸಿದರೇ ಸಾಂದ್ರತೆ. ಗುಣಕ 1.5 ಇರುವ ಕೂಲೆಂಟ್‌ನಲ್ಲಿ 4 ಎಂದು ಓದಿ 4 ಎಂದೇ ಬರೆದರೆ ನಿಜವಾದ ಶೇ. 6 ತಪ್ಪಿಹೋಗುತ್ತದೆ. ಪಿಎಚ್ ಸಾಮಾನ್ಯವಾಗಿ 9ರ ಆಸುಪಾಸು. ಅದು ವಾರದಿಂದ ವಾರಕ್ಕೆ ಇಳಿಯುತ್ತಿದ್ದರೆ ಬ್ಯಾಕ್ಟೀರಿಯಾ ಆಮ್ಲ ಮಾಡುತ್ತಿವೆ ಎಂದರ್ಥ. ವಾರಕ್ಕೊಮ್ಮೆ ಡಿಪ್ ಸ್ಲೈಡ್ ಅದ್ದಿ ನೋಡಿ. ಮಿಲಿಲೀಟರ್‌ಗೆ 10 ಲಕ್ಷ ದಾಟಿದರೆ ಕೂಲೆಂಟ್ ಬದಲಿಸಲೇಬೇಕು, ಮಧ್ಯೆ ಬಯೋಸೈಡ್ (ಬ್ಯಾಕ್ಟೀರಿಯಾ ಕೊಲ್ಲುವ ರಾಸಾಯನಿಕ) ಸುರಿದು ದಿನ ದೂಡಬಾರದು. ಅಳತೆ ಮೀರಿ ಹಾಕಿದ ಬಯೋಸೈಡ್ ಕೈಗಳಿಗೆ ಕಜ್ಜಿ ತರುತ್ತದೆ, ಒಮ್ಮೆಲೇ ಸತ್ತ ಬ್ಯಾಕ್ಟೀರಿಯಾಗಳಿಂದ ಎಂಡೊಟಾಕ್ಸಿನ್ ಹೆಚ್ಚಾಗುತ್ತದೆ.

ಬದಲಿಸುವ ಕ್ರಮದಲ್ಲಿ ತಪ್ಪುವುದೇ ಹೆಚ್ಚು. ಹಳೆಯ ಕೂಲೆಂಟ್ ಇರುವಾಗಲೇ ಸಿಸ್ಟಂ ಕ್ಲೀನರ್ ಹಾಕಿ, ಪೂರೈಕೆದಾರ ಹೇಳಿದಷ್ಟು ಗಂಟೆ ಎಲ್ಲ ಪೈಪುಗಳಲ್ಲೂ ಓಡಿಸಬೇಕು; ಆ ಹೊತ್ತಿನಲ್ಲಿ ಗಾಳಿಗೆ ಹೆಚ್ಚು ಕೊಳೆ ಏಳುವುದರಿಂದ ಹತ್ತಿರ ಇರುವವರಿಗೆ ತಕ್ಕ ಮಾಸ್ಕ್ ಕೊಡಬೇಕು. ಆಮೇಲೆ ಪೂರ್ತಿ ಖಾಲಿ ಮಾಡಿ, ತಳದ ಚಿಪ್ಸ್, ಕೆಸರು ಕೈಯಾರೆ ಎತ್ತಿ, ಗೋಡೆಯ ಲೋಳೆ ಪದರ ಉಜ್ಜಿ ತೆಗೆದು, ನೀರಿನಿಂದ ತೊಳೆದು, ಆ ನೀರನ್ನೂ ಹೊರಹಾಕಿ ಹೊಸದು ತುಂಬಬೇಕು. ತಳದಲ್ಲಿ ಹಳೆಯದು ಒಂದು ಬಕೆಟ್ ಉಳಿದರೂ ಹಾಲಿಗೆ ಹೆಪ್ಪು ಹಾಕಿದ ಹಾಗೆ, ಹೊಸ ಕೂಲೆಂಟ್ ಕೆಲವೇ ದಿನಗಳಲ್ಲಿ ಹಳೆಯದಾಗುತ್ತದೆ. ಮಿಸ್ಟ್ ಕಲೆಕ್ಟರ್‌ನಿಂದ ತೊಟ್ಟಿಕ್ಕುವ ದ್ರವವನ್ನು ಸಂಪ್‌ಗೆ ವಾಪಸ್ ಬಿಡುವ ಪೈಪು ಎಷ್ಟೋ ಕಡೆ ಇದೆ. ಅದನ್ನು ಕಡಿದು ತ್ಯಾಜ್ಯದ ಡ್ರಮ್ಮಿಗೆ ತಿರುಗಿಸಿ.

ಮೂರನೆಯ ಕಾಲು ಕೆಲಸಗಾರನ ಉಸಿರು. ಅಲ್ವಿಯೊಲೈಟಿಸ್‌ನಲ್ಲಿ ಚಳಿಜ್ವರ, ಮೈಕೈ ನೋವು, ಏದುಸಿರು ಬರುವುದು ಕೆಲಸ ಶುರುವಾಗಿ 4ರಿಂದ 8 ಗಂಟೆಯ ಮೇಲೆ, ಎಷ್ಟೋ ಸಲ ಮನೆ ಸೇರಿದ ಬಳಿಕ. ಫ್ಲೂ ಎಂದೋ ನ್ಯುಮೋನಿಯಾ ಎಂದೋ ಔಷಧಿ ಕೊಡುತ್ತಾರೆ; ತೂಕ ಇಳಿದು ಕೆಮ್ಮು ಉಳಿದರೆ ನಮ್ಮಲ್ಲಿ ಟಿಬಿ ಎಂಬ ಸಂಶಯವೂ ಬರಬಹುದು. ರಜೆಯಲ್ಲಿ ಆರಾಮ, ಕೆಲಸಕ್ಕೆ ಮರಳಿದರೆ ಮತ್ತೆ ಶುರು ಎಂಬ ಸುಳಿವನ್ನು ಯಾರಾದರೂ ಕೇಳಿದರೆ ಮಾತ್ರ ಹೊರಬರುತ್ತದೆ. ಅಸ್ತಮಾ ಸಂಶಯವಿದ್ದರೆ ಊದುವ ಉಸಿರಿನ ವೇಗ ಅಳೆಯುವ ಪೀಕ್ ಫ್ಲೋ ಮೀಟರ್ ಕೊಟ್ಟು, ಎದ್ದಾಗಿನಿಂದ ಮಲಗುವವರೆಗೆ ಎರಡು ಗಂಟೆಗೊಮ್ಮೆ, ನಾಲ್ಕು ವಾರ, ರಜಾದಿನವೂ ಸೇರಿ ಬರೆಸಬೇಕು. ಡ್ಯೂಟಿ ದಿನಗಳಲ್ಲಿ ಮಾತ್ರ ಬರೆಸಿದ ಪಟ್ಟಿಗೆ ಹೋಲಿಸಲು ಏನೂ ಇರುವುದಿಲ್ಲ. ವರ್ಷಕ್ಕೊಮ್ಮೆಯ ಎದೆಯ ಎಕ್ಸ್‌ರೇ ಈ ಎರಡೂ ಕಾಯಿಲೆಗಳನ್ನು ಆರಂಭದಲ್ಲಿ ಹಿಡಿಯುವ ಭರವಸೆ ಇಲ್ಲ. ಪ್ರಶ್ನಾವಳಿ, ಸ್ಪೈರೊಮೆಟ್ರಿ (ಶ್ವಾಸಕೋಶದ ಸಾಮರ್ಥ್ಯದ ಪರೀಕ್ಷೆ), ಸಂಶಯವಿದ್ದರೆ ಸಿಟಿ ಸ್ಕ್ಯಾನ್ ಬೇಕು.

ಒಬ್ಬನಿಗೆ ಕಾಯಿಲೆ ಖಚಿತವಾದರೆ ಅವನನ್ನು ಮಾಸ್ಕ್ ಹಾಕಿಸಿ ಅದೇ ಲೈನಿನಲ್ಲಿ ಮುಂದುವರಿಸಬಾರದು. ಕೂಲೆಂಟ್ ಮಂಜೇ ಇಲ್ಲದ ಕಡೆಗೆ, ಸಂಬಳ ಕಡಿಮೆಯಾಗದಂತೆ ವರ್ಗಾಯಿಸಬೇಕು. ಸಂಬಳ ಕಡಿತದ ಭಯವಿದ್ದರೆ ಮುಂದಿನವನು ಕೆಮ್ಮನ್ನು ಮುಚ್ಚಿಡುತ್ತಾನೆ. ಅದೇ ಸಂಪ್ ಹಂಚಿಕೊಳ್ಳುವ ಎಲ್ಲರಿಗೂ ಆ ವಾರವೇ ಪ್ರಶ್ನಾವಳಿ ಕೊಡಬೇಕು. ಸಂಪ್ ಖಾಲಿ ಮಾಡುವ ಮುಂಚೆ ಒಂದು ಲೀಟರ್ ಕೂಲೆಂಟ್ ತೆಗೆದು, ದಿನಾಂಕ, ಮೆಷಿನ್ ನಂಬರ್ ಬರೆದು, ಕೂಡಲೇ ತಂಪಾಗಿಟ್ಟು ಲ್ಯಾಬ್‌ಗೆ ಕಳಿಸಬೇಕು. ಮೈಕೊಬ್ಯಾಕ್ಟೀರಿಯಂ ಪರೀಕ್ಷೆ ಬೇಕೆಂದು ಪ್ರತ್ಯೇಕವಾಗಿ ಬರೆದೇ ಕೇಳಬೇಕು. ಕಾಯಿಲೆಯ ಸುದ್ದಿ ಬಂದ ರಾತ್ರಿಯೇ ಗಾಬರಿಯಿಂದ ಸಂಪ್ ತೊಳೆದುಬಿಟ್ಟರೆ, ಯಾವುದು ಕಾರಣವೆಂದು ತಿಳಿಯುವ ದಾರಿಯೂ ಆ ನೀರಿನೊಡನೆ ಹೋಗುತ್ತದೆ.